ಉಪ್ಪುನೀರಿನ ಅಕ್ವೇರಿಯಂಗೆ ಯಾವ ನೀರು: ನಲ್ಲಿಯದೋ, ಶುದ್ಧೀಕರಿಸಿದ್ದೋ?

ಸಮುದ್ರದ ಮೀನುಗಳನ್ನು ಮನೆಯಲ್ಲಿ ಸಾಕಬೇಕೆಂದು ಆಸೆಪಡುವ ಕಿರಿಯರು ಗಾಜಿನ ತೊಟ್ಟಿ, ದೀಪ, ಪಂಪು, ಉಪ್ಪಿನ ಪೊಟ್ಟಣ ಎಲ್ಲವನ್ನೂ ನಾಲ್ಕು ಕಡೆ ವಿಚಾರಿಸಿಯೇ ತರುತ್ತಾರೆ. ನೀರಿನ ಮಾತು ಬಂದಾಗ ಮಾತ್ರ, ಹೇಗೂ ಉಪ್ಪು ಬೆರೆಸುವುದರಿಂದ ಯಾವ ನೀರಾದರೂ ನಡೆದೀತು ಎಂದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಇಂತಹ ತೊಟ್ಟಿಗಳನ್ನು ಬಹುಕಾಲದಿಂದ ನೋಡಿಕೊಂಡು ಬಂದಿರುವ ನಾನು ಅವರಿಗೆ ಮೊದಲು ಹೇಳುವುದು ಇಷ್ಟು: ತೊಟ್ಟಿಯನ್ನು ಮೊದಲ ಸಲ ತುಂಬಿಸುವ ನೀರಿಗಿಂತಲೂ, ಆವಿಯಾಗಿ ಹೋದದ್ದಕ್ಕೆ ಬದಲಾಗಿ ದಿನವೂ ಸುರಿಯುವ ನೀರಿನ ಬಗ್ಗೆ ಹೆಚ್ಚು ಯೋಚಿಸಬೇಕು.

ಆವಿಯಾಗುವಾಗ ನೀರು ಮಾತ್ರ ಹೋಗುತ್ತದೆ; ಉಪ್ಪೂ ಖನಿಜಗಳೂ ತೊಟ್ಟಿಯಲ್ಲೇ ಉಳಿಯುತ್ತವೆ. ಆದ್ದರಿಂದ ಕಡಿಮೆಯಾದ ಮಟ್ಟವನ್ನು ಉಪ್ಪಿಲ್ಲದ ಸಿಹಿನೀರಿನಿಂದಲೇ ತುಂಬಬೇಕು. ಮುಚ್ಚಳವಿಲ್ಲದ 100 ಲೀಟರಿನ ತೊಟ್ಟಿಯಿಂದ ದಿನಕ್ಕೆ ಒಂದು ಲೀಟರ್ ಆರಿಹೋಗುತ್ತದೆಂದೂ, ನೀವು ಸುರಿಯುವ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಂ ನೈಟ್ರೇಟ್ ಇದೆಯೆಂದೂ ಇಟ್ಟುಕೊಳ್ಳಿ. ನೂರು ದಿನಗಳಲ್ಲಿ ನೂರು ಲೀಟರ್ ಸುರಿದಿರುತ್ತೀರಿ. ನಡುವೆ ನೀರು ಬದಲಾಯಿಸದಿದ್ದರೆ, ಮೀನುಗಳ ಆಹಾರ ಮತ್ತು ಮಲದಿಂದ ಹುಟ್ಟುವ ನೈಟ್ರೇಟನ್ನು ಲೆಕ್ಕಕ್ಕೆ ಹಿಡಿಯದೆಯೇ, ತೊಟ್ಟಿಯ ಮಟ್ಟ ಲೀಟರಿಗೆ 30 ಮಿಲಿಗ್ರಾಂನಷ್ಟು ಏರಿರುತ್ತದೆ. ಹವಳಗಳಿರುವ ತೊಟ್ಟಿಯಲ್ಲಿ ಇದನ್ನು 10ರ ಒಳಗೆ ಇಟ್ಟುಕೊಳ್ಳುವುದೇ ಕ್ಷೇಮವಾದ್ದರಿಂದ, ಸುರಿದ ನೀರೇ ಪಾಚಿಗೆ ಗೊಬ್ಬರವಾಗಿ ಪರಿಣಮಿಸುತ್ತದೆ.

ನಲ್ಲಿ ನೀರು ಎಂಬ ಒಂದೇ ಹೆಸರಿನಲ್ಲಿ ನಮ್ಮ ಊರಿನಲ್ಲಿ ಬೇರೆ ಬೇರೆ ನೀರುಗಳು ಬರುತ್ತವೆ ಎಂಬುದನ್ನೂ ಗಮನಿಸಬೇಕು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು ಬರುವ ಕಾವೇರಿ ನೀರು ಕ್ಲೋರಿನ್ ಬೆರೆತದ್ದಾದರೂ ಸಾಮಾನ್ಯವಾಗಿ ಅಷ್ಟೇನೂ ಗಡಸಲ್ಲ. ಬೋರ್‌ವೆಲ್ ನೀರು ಗಡಸು. ನಗರದ ಚರಂಡಿಗಳ ಸೋರಿಕೆಯಿಂದ ಅದರಲ್ಲಿ ನೈಟ್ರೇಟ್ ಹೆಚ್ಚಿರುವುದೂ ಉಂಟು. ಟ್ಯಾಂಕರಿನ ನೀರಿನ ಮೂಲವಂತೂ ವಾರದಿಂದ ವಾರಕ್ಕೆ ಬದಲಾಗಬಹುದು. ಅಪಾರ್ಟ್‌ಮೆಂಟಿನ ಸಂಪಿನಲ್ಲಿ ಈ ಮೂರೂ ಬೆರೆತು ಮೇಲಕ್ಕೆ ಬರುವಾಗ, ಕಳೆದ ತಿಂಗಳು ಪರೀಕ್ಷಿಸಿದ ನೀರು ಇಂದೂ ಹಾಗೆಯೇ ಇದೆಯೆಂದು ನಂಬಲಾಗುವುದಿಲ್ಲ.

ಕುಡಿಯಲು ಯೋಗ್ಯವಾದ ನೀರು ಸಮುದ್ರಜೀವಿಗಳಿಗೂ ಯೋಗ್ಯವೆಂಬ ತಿಳಿವಳಿಕೆ ಸರಿಯಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕವು ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟನ್ನೂ, ಬೇರೆ ಮೂಲವಿಲ್ಲದ ಕಡೆ 1.5 ಮಿಲಿಗ್ರಾಂವರೆಗೆ ತಾಮ್ರವನ್ನೂ ಒಪ್ಪುತ್ತದೆ. ನಮಗೆ ತೊಂದರೆ ಕೊಡದ ಆ ಪ್ರಮಾಣಕ್ಕಿಂತ ಬಹಳ ಕಡಿಮೆ ತಾಮ್ರವೂ ಸೀಗಡಿ, ಶಂಖದ ಹುಳು, ಅನಿಮೋನಿ, ಹವಳಗಳಿಗೆ ವಿಷವಾಗುತ್ತದೆ. ಇದೇ ಕಾರಣದಿಂದ ತಾಮ್ರದ ಕೊಳವೆಯಲ್ಲಿ ನಿಂತ ನೀರನ್ನಾಗಲೀ ಗೀಸರಿನ ಬಿಸಿನೀರನ್ನಾಗಲೀ ತೊಟ್ಟಿಗೆ ಎಂದೂ ಬಳಸಬಾರದು. ಹೊಸ ತೊಟ್ಟಿಯ ಮರಳಿನ ಮೇಲೆ ಮೂಡುವ ಕಂದು ಪಾಚಿಯ ಪದರವನ್ನು ನೀರಿನ ಸಿಲಿಕೇಟ್ ಪೋಷಿಸುತ್ತದೆ. ನೀರನ್ನು ಕುದಿಸಿದರೆ ಸಿಲಿಕೇಟೂ ಹೋಗುವುದಿಲ್ಲ, ತಾಮ್ರವೂ ಹೋಗುವುದಿಲ್ಲ.

ಹಾಗೆಂದು ನಲ್ಲಿ ನೀರನ್ನು ನಾನು ಪೂರ್ತಿಯಾಗಿ ತಳ್ಳಿಹಾಕುವುದಿಲ್ಲ. ಹವಳವಾಗಲೀ ಸೀಗಡಿಯಾಗಲೀ ಇಲ್ಲದೆ ಗಟ್ಟಿಮುಟ್ಟಾದ ಕ್ಲೌನ್ ಮೀನುಗಳನ್ನಷ್ಟೇ ಸಾಕುವವರ ಮನೆಗೆ ಬರಿಯ ಕಾವೇರಿ ನೀರು ಬರುತ್ತಿದ್ದರೆ, ನೈಟ್ರೇಟ್ ಮತ್ತು ಫಾಸ್ಫೇಟ್ ಪರೀಕ್ಷೆ ಮಾಡಿಕೊಂಡು, ಸೋಡಿಯಂ ಥಯೋಸಲ್ಫೇಟ್ ಇರುವ ಔಷಧಿಯಿಂದ ಕ್ಲೋರಿನ್ ತೆಗೆದು ಬಳಸಬಹುದು. ಆದರೆ ಮುಂದೆ ಎಂದಾದರೂ ಹವಳ ಇಡುವ ಯೋಚನೆಯಿದ್ದರೆ ಮೊದಲ ದಿನದಿಂದಲೇ ಶುದ್ಧ ನೀರಿಗೆ ಹೋಗುವುದು ಉತ್ತಮ, ಏಕೆಂದರೆ ಕಲ್ಲು ಮತ್ತು ಮರಳು ತಾವು ಹೀರಿಕೊಂಡ ಫಾಸ್ಫೇಟನ್ನು ಆಮೇಲೆ ತಿಂಗಳುಗಟ್ಟಲೆ ನೀರಿಗೆ ಬಿಡುತ್ತಲೇ ಇರುತ್ತವೆ.

ಇನ್ನು ಶುದ್ಧೀಕರಿಸಿದ ನೀರು ಎಂದರೆ ಯಾವುದು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಅಪಾರ್ಟ್‌ಮೆಂಟುಗಳ ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗದಲ್ಲಿ ಸೋಡಿಯಂ ಬಿಡುತ್ತದೆಯೇ ಹೊರತು ಒಟ್ಟು ಲವಣವನ್ನು ಇಳಿಸುವುದಿಲ್ಲ. ಅಡುಗೆಮನೆಯ ಆರ್‌ಒ ಯಂತ್ರಗಳಲ್ಲಿ ಹಲವಕ್ಕೆ ರುಚಿಗಾಗಿ ಮೂಲ ನೀರನ್ನೇ ಸ್ವಲ್ಪ ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ತಿರುಪು ಇರುತ್ತದೆ, ಕೊನೆಯಲ್ಲಿ ಖನಿಜ ಸೇರಿಸುವ ಕಾರ್ಟ್ರಿಜ್ ಇರುತ್ತದೆ. ನಮಗೆ ಹಿತವಾದ ಆ ಎರಡೂ ಅಕ್ವೇರಿಯಂಗೆ ಬೇಡವಾದವು. ಇಪ್ಪತ್ತು ಲೀಟರಿನ ಕ್ಯಾನ್ ನೀರಿಗೂ ಖನಿಜ ಸೇರಿಸಿರಬಹುದಾದ್ದರಿಂದ ಅಳೆದು ನೋಡದೆ ಅದನ್ನು ಸುರಿಯಬಾರದು.

ಬೇಕಾದದ್ದು ಆರ್‌ಒ ನಂತರ ಡಿಐ ಹಂತವಿರುವ, ಅಂದರೆ ಉಳಿದ ಲವಣವನ್ನು ರೆಸಿನ್ ಎಂಬ ಸಣ್ಣ ಮಣಿಗಳಿಂದ ತೆಗೆಯುವ ಹಂತವಿರುವ, ಘಟಕ. ನೀರು ಮೊದಲು ಕೆಸರು ತಡೆಯುವ ಫಿಲ್ಟರಿನ ಮೂಲಕ, ಆಮೇಲೆ ಕ್ಲೋರಿನ್ ಹೀರುವ ಕಾರ್ಬನ್ ಫಿಲ್ಟರಿನ ಮೂಲಕ ಹೋಗಿ ಆರ್‌ಒ ಪೊರೆಯನ್ನು ತಲುಪುತ್ತದೆ. ಪೊರೆಯನ್ನು ದಾಟಿ ಉಳಿದ ಅಲ್ಪ ಲವಣವನ್ನು ಡಿಐ ರೆಸಿನ್ ಹಿಡಿದುಕೊಳ್ಳುತ್ತದೆ. ಕಾರ್ಬನ್ ಫಿಲ್ಟರನ್ನು ಕಾಲಕ್ಕೆ ಸರಿಯಾಗಿ ಬದಲಿಸದಿದ್ದರೆ ಕ್ಲೋರಿನ್ ಪೊರೆಯನ್ನೇ ತಿಂದುಹಾಕುತ್ತದೆ. ಟಿಡಿಎಸ್ ಮೀಟರಿನಲ್ಲಿ ಕೊನೆಯ ನೀರು ಸೊನ್ನೆ ತೋರಿಸಬೇಕು. ಒಂದು, ಎರಡು ಎಂದು ತೋರಿಸಲು ಶುರುವಾದರೆ ರೆಸಿನ್ ಬದಲಿಸಿ, ಏಕೆಂದರೆ ದಣಿದ ರೆಸಿನ್ ಮೊದಲು ಬಿಟ್ಟುಕೊಡುವುದು ಸಿಲಿಕೇಟನ್ನು, ಅದನ್ನು ಮೀಟರ್ ಸರಿಯಾಗಿ ಗುರುತಿಸುವುದಿಲ್ಲ. ಯಂತ್ರ ನಿಂತಿದ್ದು ಮತ್ತೆ ಶುರುವಾದಾಗ ಪೊರೆಯಿಂದ ಬರುವ ಮೊದಲ ಕೆಲವು ನಿಮಿಷಗಳ ನೀರಿನಲ್ಲಿ ಲವಣ ಹೆಚ್ಚಿರುತ್ತದೆ. ಅದನ್ನು ಡಿಐಗೆ ಬಿಡದೆ ಹೊರಗೆ ಹರಿಸಿದರೆ ರೆಸಿನ್ ಹೆಚ್ಚು ದಿನ ಬಾಳುತ್ತದೆ.

ಅಷ್ಟು ಬರಿದಾದ ನೀರು ಮೀನಿಗೆ ಒಳ್ಳೆಯದೇ ಎಂದು ಕೇಳುವವರಿದ್ದಾರೆ. ಬರಿಯ ನೀರಿನಲ್ಲಿ ಸಮುದ್ರದ ಮೀನು ಬದುಕದು, ನಿಜ. ಆದರೆ ಅಕ್ವೇರಿಯಂ ಉಪ್ಪನ್ನು ಅಂತಹ ನೀರಿಗೆಂದೇ ಅಳೆದು ಮಾಡಿರುತ್ತಾರೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ, 1300 ಮಿಲಿಗ್ರಾಂ ಮೆಗ್ನೀಸಿಯಂ ಇರುತ್ತದೆ. ಗಡಸು ನೀರಿಗೆ ಅದೇ ಉಪ್ಪು ಹಾಕಿದರೆ ಈ ಅಳತೆಗಳು ತಪ್ಪುತ್ತವೆ. ಅಡುಗೆ ಉಪ್ಪು ಇದಕ್ಕೆ ಬದಲಿಯಾಗದು.

ಬೆರೆಸುವಾಗ ನೀರಿಗೆ ಉಪ್ಪನ್ನು ಹಾಕಬೇಕು, ಉಪ್ಪಿಗೆ ನೀರನ್ನಲ್ಲ. ಆಹಾರ ದರ್ಜೆಯ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಲೀಟರಿಗೆ ಸುಮಾರು 35ರಿಂದ 38 ಗ್ರಾಂನಂತೆ ಸ್ವಲ್ಪ ಸ್ವಲ್ಪವೇ ಸುರಿದು, ಸಣ್ಣ ಪಂಪಿನಿಂದ ತಿರುಗಿಸಿ, ಪೂರ್ತಿ ಕರಗಿ ತಿಳಿಯಾದ ಮೇಲೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು ಇದೆಯೇ ಎಂದು ನೋಡಿ. ಹಿತ್ತಾಳೆ, ತಾಮ್ರದ ಪಾತ್ರೆಯನ್ನು ಹತ್ತಿರಕ್ಕೂ ತರಬೇಡಿ. ಮಂಗಳೂರು, ಕಾರವಾರದ ಕಡೆಯವರು ಕಡಲ ನೀರನ್ನೇ ತುಂಬಿಕೊಳ್ಳುವುದುಂಟು. ನೇತ್ರಾವತಿ, ಕಾಳಿ ನದಿಗಳ ಅಳಿವೆಯ ಬಳಿ ಮಳೆಗಾಲದಲ್ಲಿ ಕಡಲೇ ಸಪ್ಪೆಯಾಗುತ್ತದೆ, ಬಂದರಿನ ಸಮೀಪ ಎಣ್ಣೆಯೂ ಬೆರೆತಿರುತ್ತದೆ, ಆದ್ದರಿಂದ ನಾನು ಅದನ್ನು ಹೊಸಬರಿಗೆ ಹೇಳುವುದಿಲ್ಲ.

ಒಂದು ಲೀಟರ್ ಶುದ್ಧ ನೀರಿಗೆ ಆರ್‌ಒ ಮೂರು ಲೀಟರಿನಷ್ಟು ಹೊರಚೆಲ್ಲುವುದುಂಟು. ನೀರಿಗೆ ಪರದಾಡುವ ನಗರದಲ್ಲಿ ಅದನ್ನು ಚರಂಡಿಗೆ ಬಿಡುವುದನ್ನು ನಾನು ಒಪ್ಪಲಾರೆ. ಆ ಕೊಳವೆಯನ್ನು ಒಂದು ಡ್ರಮ್ಮಿಗೆ ಇಳಿಸಿದರೆ ನೆಲ ಒರೆಸಲು, ಶೌಚಾಲಯಕ್ಕೆ, ಗಾಡಿ ತೊಳೆಯಲು ಆಗುತ್ತದೆ. ಮೂಲ ನೀರು ಕಾವೇರಿಯದಾಗಿದ್ದರೆ ಗಿಡಗಳಿಗೂ ಹಾಕಬಹುದು. ಬೋರ್‌ವೆಲ್ಲಿನದಾಗಿದ್ದರೆ ಕುಂಡದ ಮಣ್ಣಿನಲ್ಲಿ ಲವಣ ಕೂಡಿಕೊಳ್ಳುವುದರಿಂದ ಗಿಡಗಳಿಗೆ ಬೇಡ.