ನಮ್ಮ ಪೂಲಿನ ಖರ್ಚಿನ ಪುಸ್ತಕ

ಗೋವಾದ ಪರ್ವರಿಯಲ್ಲಿ ಮನೆ ತಗೊಂಡಾಗ ಹಿತ್ತಿಲಲ್ಲಿ ಸ್ವಿಮ್ಮಿಂಗ್ ಪೂಲ್ ಇದೆ ಅಂತ ಮಕ್ಕಳು ಕುಣಿದಾಡಿದರು. ಧಾರವಾಡದಲ್ಲಿರುವ ನಮ್ಮತ್ತೆ ಮಾತ್ರ ಫೋನಿನಲ್ಲಿ ಒಂದೇ ಮಾತು ಕೇಳಿದರು: "ಅದಕ್ಕ ನೀರು ತುಂಬೋರು ಯಾರವಾ?" ನಾನು ನಕ್ಕುಬಿಟ್ಟೆ. ಆಮೇಲೆ ಒಂದು ನೋಟ್‌ಬುಕ್ ಇಟ್ಟು ಖರ್ಚು ಬರೆಯಲು ಶುರು ಮಾಡಿದ ಮೇಲೆ ನಗು ನಿಂತಿತು.

ಮೊದಲು ಅಳತೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾವ ದರಕ್ಕೂ ಅರ್ಥ ಇರೋದಿಲ್ಲ. ಉದ್ದ 7 ಮೀಟರ್, ಅಗಲ 3.5. ಆಳ ಒಂದು ತುದಿಗೆ 1.1, ಇನ್ನೊಂದು ತುದಿಗೆ 1.5. ಹೆಚ್ಚುಕಡಿಮೆ 32,000 ಲೀಟರ್ ನೀರು. ಒಂದು ಎಚ್‌ಪಿ ಪಂಪು, ಮರಳು ತುಂಬಿದ ಒಂದು ಸ್ಯಾಂಡ್ ಫಿಲ್ಟರ್, ನೀರೊಳಗೆ ಒಂದು ಲೈಟು.

ಮೂರು ಕಡೆ ದರ ಕೇಳಿದೆ. ವಾರಕ್ಕೆ ಮೂರು ದಿನ ಬಂದು, ಕೆಮಿಕಲ್ ಎಲ್ಲ ಸೇರಿ ತಿಂಗಳಿಗೆ 7,500 ಅಂದರು ಒಬ್ಬರು. ಇನ್ನೊಬ್ಬರು 5,500, ಕೆಮಿಕಲ್ ನಿಮ್ಮದು ಅಂದರು. ದಿನಾ ಬರ್ತೀವಿ ಅಂದವರು 11,000 ಕೇಳಿದರು. ಎಲ್ಲದರ ಮೇಲೂ 18 ಪರ್ಸೆಂಟ್ ಜಿಎಸ್‌ಟಿ. ರಿಪೇರಿ ಬಂದರೆ ಅದರ ಬಿಲ್ಲು ಬೇರೆ. ನಾನು ಮೊದಲನೆಯದನ್ನು ಒಪ್ಪಿಕೊಂಡೆ.

ಬರುತ್ತಿದ್ದ ಹುಡುಗ ವಿಜಯಪುರದ ಕಡೆಯವನು. ಬೆಳಗಿಂದ ಮಧ್ಯಾಹ್ನದೊಳಗೆ ಅವನಿಗೆ ಏಳು ಪೂಲು ಮುಗಿಸಬೇಕು. ನಮ್ಮ ಪಾಲಿಗೆ ಬರುತ್ತಿದ್ದದ್ದು ಇಪ್ಪತ್ತು ನಿಮಿಷ. ಬಲೆಯಲ್ಲಿ ಎಲೆ ತೆಗೆದು, ಎರಡು ಮುಷ್ಟಿ ಪುಡಿ ಎಸೆದು, ಗೋಡೆಗೆ ನಾಲ್ಕು ಸಲ ಬ್ರಷ್ ಎಳೆದು ಹೋಗುತ್ತಿದ್ದ. "ಎಷ್ಟು ಹಾಕಿದಿಯಪ್ಪಾ?" ಅಂತ ಕೇಳಿದರೆ, "ಎರಡು ಮುಟಗಿ ಹಾಕು ಅಂದಾರ್ರಿ ಅಕ್ಕಾರ." ಅಳೆಯೋದು ಗಿಳೆಯೋದು ಇಲ್ಲ. ಹುಡುಗನದೇನೂ ತಪ್ಪಿರಲಿಲ್ಲ, ಅವನಿಗೆ ಯಾರೂ ಟೆಸ್ಟ್ ಕಿಟ್ ಕೊಟ್ಟಿರಲಿಲ್ಲ.

ಮೂರನೇ ತಿಂಗಳು ಪಂಪು ಗುಂಯ್ ಅಂತ ಸದ್ದು ಮಾಡಿತು, ತಿರುಗಲಿಲ್ಲ. ಹೊಸ ಪಂಪಿಗೆ 24,000 ಅಂತ ಕೊಟೇಶನ್ ಬಂತು. ನಮ್ಮನೆಯವರು ಬಿಚ್ಚಿಕೊಂಡು ಮಾಪುಸಾದ ಮೋಟರ್ ವೈಂಡಿಂಗ್ ಅಂಗಡಿಗೆ ಹೋದರು. ಅಂಗಡಿಯವ ಕೆಪಾಸಿಟರ್ ಬದಲಿಸಿ 350 ರೂಪಾಯಿ ತಗೊಂಡ. ಅವತ್ತೇ ಕಾಂಟ್ರ್ಯಾಕ್ಟ್ ಬಿಟ್ಟೆವು.

ಹೋಗುವಾಗ ಹುಡುಗ ಒಂದು ಪಾಠ ಹೇಳಿಕೊಟ್ಟು ಹೋದ. ಫಿಲ್ಟರ್ ತಲೆಯ ಮೇಲೆ ಒಂದು ಹ್ಯಾಂಡಲ್ ಇರುತ್ತದೆ. ಫಿಲ್ಟರ್, ಬ್ಯಾಕ್‌ವಾಶ್ (ನೀರನ್ನು ಉಲ್ಟಾ ಹರಿಸಿ ಮರಳು ತೊಳೆಯೋದು), ರಿನ್ಸ್, ವೇಸ್ಟ್ ಅಂತ ತಿರುಗಿಸುವಂಥದ್ದು. "ಪಂಪ್ ಬಂದ್ ಮಾಡಲಾರದ ಅದನ್ನ ಮುಟ್ಟಬ್ಯಾಡ್ರಿ." ನೀರು ಹರಿಯುವಾಗ ತಿರುಗಿಸಿದರೆ ಒಳಗಿನ ಗ್ಯಾಸ್ಕೆಟ್ ಕಿತ್ತುಬರುತ್ತದೆ. ಇದೊಂದು ಮಾತಿಗೇ ಅವನಿಗೆ ಚಹಾದ ಜೊತೆ ಐನೂರು ಕೊಡಬಹುದಿತ್ತು. ಚಹಾ ಮಾತ್ರ ಕೊಟ್ಟೆ, ಈಗಲೂ ಬೇಜಾರಿದೆ.

ನಾನೇ ಮಾಡಲು ಕೂತ ಮೇಲೆ ಮೊದಲು ತಂದದ್ದು ಟೆಸ್ಟ್ ಕಿಟ್, 700 ರೂಪಾಯಿ. ಎರಡು ಪುಟ್ಟ ಕೊಳವೆ. ಒಂದಕ್ಕೆ ಹನಿ ಹಾಕಿದರೆ ನೀರು ಹಳದಿಯಾಗುತ್ತದೆ, ಅದು ಕ್ಲೋರಿನ್. ಇನ್ನೊಂದು ಕೆಂಪಾಗುತ್ತದೆ, ಅದು ಪಿಎಚ್, ಅಂದರೆ ನೀರು ಎಷ್ಟು ಹುಳಿ ಅನ್ನೋದರ ಅಳತೆ. ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ), ಪಿಎಚ್ 7.2ರಿಂದ 7.6. ಇಷ್ಟರೊಳಗೆ ಇದ್ದರೆ ಸಾಕು. ಲೆಕ್ಕ ಕಷ್ಟ ಇಲ್ಲ. 32,000 ಲೀಟರಿಗೆ ಒಂದು ಪಿಪಿಎಂ ಅಂದರೆ 32 ಗ್ರಾಂ ಕ್ಲೋರಿನ್. ಪೂಲಿಗೆ ಹಾಕುವ ಟಿಸಿಸಿಎ ಅನ್ನೋ ಕ್ಲೋರಿನ್ ಪುಡಿಯಲ್ಲಿ 90 ಪರ್ಸೆಂಟ್ ಕ್ಲೋರಿನ್ ಅಂತ ಡಬ್ಬದ ಮೇಲೇ ಇರುತ್ತದೆ, ಹಾಗಾಗಿ 35 ಗ್ರಾಂ ಸಾಕು. ಗೋವಾದ ಬಿಸಿಲಿಗೆ ದಿನಕ್ಕೆ 90 ಗ್ರಾಂ ಹಿಡಿಯುತ್ತಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಿದ್ದೆ, ಆಮೇಲೆ ಬೈಸಿಕೊಂಡು ಬೇರೆ ತಕ್ಕಡಿ ತಂದೆ. ತಿಂಗಳಿಗೆ ಸುಮಾರು ಮೂರು ಕಿಲೋ, ಕಿಲೋಗೆ 300. ಟಿಸಿಸಿಎ ನೀರನ್ನು ಹುಳಿ ಮಾಡುತ್ತದೆ, ಅದಕ್ಕೆ ಆಗಾಗ ಸೋಡಾ ಆ್ಯಷ್ ಬೇಕು. ಎಲ್ಲ ಸೇರಿ 1,300 ದಾಟಿದ ತಿಂಗಳು ಬೇಸಿಗೆಯಲ್ಲಿ ಒಂದೂ ಇಲ್ಲ. ಪಂಪು ದಿನಕ್ಕೆ ಆರು ತಾಸು ಓಡಿದರೆ ತಿಂಗಳಿಗೆ ಸುಮಾರು 180 ಯೂನಿಟ್ ಕರೆಂಟು, ಅದನ್ನೂ ಬರೆದುಕೊಳ್ಳಿ. ಕಾಂಟ್ರ್ಯಾಕ್ಟ್ ಇದ್ದರೂ ಅದು ನಮ್ಮದೇ ಜೇಬಿನದು.

ಒಂದು ಎಚ್ಚರಿಕೆ. ಟಿಸಿಸಿಎ ಬೇರೆ, ಬ್ಲೀಚಿಂಗ್ ಪುಡಿ ತರಹದ ಕ್ಯಾಲ್ಸಿಯಂ ಹೈಪೋ ಅನ್ನೋ ಇನ್ನೊಂದು ಕ್ಲೋರಿನ್ ಪುಡಿ ಬೇರೆ. ಎರಡನ್ನೂ ಒಂದೇ ಮಗ್ಗಿನಲ್ಲಿ ತೆಗೆಯಬಾರದು. ನಾನು ತೆಗೆದೆ. ತಳದಲ್ಲಿ ಅಂಟಿದ್ದ ಹಳೇ ಪುಡಿಗೆ ಹೊಸದು ಬಿದ್ದು, ಮಗ್ಗು ಕೈಯಲ್ಲೇ ಬೆಚ್ಚಗಾಗಿ ಹೊಗೆ ಬಂತು. ಅಂಗಳಕ್ಕೆ ಎಸೆದು ಓಡಿದೆ. ಎರಡೂ ಜಾಸ್ತಿ ಪ್ರಮಾಣದಲ್ಲಿ ಸೇರಿದರೆ ಬೆಂಕಿಯೇ ಹತ್ತುತ್ತದಂತೆ, ಆಮೇಲೆ ಅಂಗಡಿಯವರು ಹೇಳಿದರು. ಆ್ಯಸಿಡ್ ಮತ್ತು ಕ್ಲೋರಿನ್ ಸೇರಿದರೆ ವಿಷದ ಗಾಳಿ. ಈಗ ಮೂರಕ್ಕೆ ಮೂರು ಬಣ್ಣದ ಮಗ್ಗು.

ಇಷ್ಟರ ಹೊತ್ತಿಗೆ ತಿಂಗಳಿಗೆ ಏಳು ಸಾವಿರಕ್ಕೂ ಜಾಸ್ತಿ ಉಳಿಸುತ್ತಿದ್ದೇನೆ ಅಂತ ಬೀಗುತ್ತಿದ್ದೆ. ಮಾರ್ಚ್‌ನಲ್ಲಿ ನೀರು ಇಳಿಯಲು ಶುರುವಾಯಿತು.

ಬಿಸಿಲಿಗೆ ಆರುತ್ತಿದೆ ಅಂತ ಎಲ್ಲರೂ ಹೇಳಿದರು. ಆರುತ್ತಿದೆಯಾ, ಸೋರುತ್ತಿದೆಯಾ ತಿಳಿಯಲು ಒಂದು ಬಕೆಟ್ ಸಾಕು. ಬಕೆಟ್ಟಿಗೆ ಪೂಲಿನದೇ ನೀರು ತುಂಬಿ, ಒಳಗೆ ಒಂದು ಕಲ್ಲಿಟ್ಟು, ಪೂಲಿನ ಮೆಟ್ಟಿಲ ಮೇಲೆ ಇಟ್ಟೆ. ಬಕೆಟ್ಟಿಗೆ ಒಂದು ಗೆರೆ, ಟೈಲ್ಸಿಗೆ ಒಂದು ಗೆರೆ. ಮರುದಿನ ಬಕೆಟ್ಟಿನ ನೀರು 5 ಮಿಲಿಮೀಟರ್ ಇಳಿದಿತ್ತು. ಪೂಲು 20. ಅಂದರೆ 15 ಮಿಲಿಮೀಟರ್ ಸೋರಿಕೆ. ನಮ್ಮ ಪೂಲಿನ ಉದ್ದಗಲಕ್ಕೆ ಅದು ದಿನಕ್ಕೆ 370 ಲೀಟರ್ ಹತ್ತಿರ. ತಿಂಗಳಿಗೆ 11,000. ಒಂದು ಟ್ಯಾಂಕರ್‌ಗಿಂತ ಜಾಸ್ತಿ! ಪಂಪು ಓಡಿಸಿ ಒಂದು ದಿನ, ಬಂದ್ ಇಟ್ಟು ಒಂದು ದಿನ ನೋಡಿದೆ. ಎರಡರಲ್ಲೂ ಅಷ್ಟೇ ಇಳಿಯಿತು. ಹಾಗಾದರೆ ಪಂಪಿನಿಂದ ವಾಪಸ್ ಬರುವ ಪೈಪಿನ ಮೇಲೆ ಅನುಮಾನ ಕಡಿಮೆ.

ಕರೆಸಿದವರು ಪ್ರೆಶರ್ ಟೆಸ್ಟ್, ಟೈಲ್ಸ್ ಸಂದಿ ಎಲ್ಲ ಹೊಸದಾಗಿ ತುಂಬೋದು ಅಂತ 38,000 ಹೇಳಿದರು. ಎರಡು ವಾರ ಟೈಮ್ ಕೊಡಿ ಅಂದೆ.

ಬಟ್ಟೆಗೆ ಹಾಕುವ ನೀಲಿಯನ್ನು ಸಿರಿಂಜಿನಲ್ಲಿ ತುಂಬಿಕೊಂಡು ನೀರಿಗಿಳಿದೆ. ಸೋರುವ ಜಾಗದ ಹತ್ತಿರ ಹನಿ ಬಿಟ್ಟರೆ ಬಣ್ಣ ಒಳಕ್ಕೆ ಎಳೆದುಕೊಂಡು ಹೋಗಬೇಕು. ಮೇಲ್ಮಟ್ಟದ ನೀರು, ಎಲೆ ಎಳೆದುಕೊಳ್ಳುವ ಸ್ಕಿಮ್ಮರ್ ಬಾಯಿ, ನೀರು ಬರುವ ಎರಡು ತೂತು, ಬಿರುಕು ಬಿಟ್ಟಂತೆ ಕಂಡ ಟೈಲ್ಸ್, ಎಲ್ಲ ಕಡೆ ಬಿಟ್ಟೆ. ನೀಲಿ ಎಲ್ಲೂ ಹೋಗದೆ ಮೋಡದ ಹಾಗೆ ನಿಂತುಕೊಂಡಿತು. ಮಕ್ಕಳಿಗೆ ಮಾತ್ರ ಭಾರೀ ಖುಷಿ.

ಕೊನೆಗೆ ಸೋಮಾರಿ ದಾರಿ ಹಿಡಿದೆ: ಸೋರುವ ಜಾಗದ ಮಟ್ಟಕ್ಕೆ ಇಳಿದ ಮೇಲೆ ಸೋರಿಕೆ ತಾನೇ ನಿಲ್ಲಬೇಕು. ಸ್ಕಿಮ್ಮರ್ ವಾಲ್ವ್ ಮುಚ್ಚಿ, ತಳದ ಡ್ರೇನಿನಿಂದ ಮಾತ್ರ ಪಂಪು ಓಡಿಸುತ್ತಾ, ನೀರು ತುಂಬೋದನ್ನೇ ಬಿಟ್ಟೆ. ದಿನಾ ಬೆಳಿಗ್ಗೆ ಚಹಾ ಕಪ್ಪು ಹಿಡಿದು ಹೋಗಿ ಟೈಲ್ಸ್ ಮೇಲೆ ಪೆನ್ಸಿಲ್‌ನಿಂದ ಒಂದು ಗೆರೆ. ಗೆರೆಗಳ ನಡುವೆ ಎರಡೆರಡು ಸೆಂಟಿಮೀಟರ್ ಅಂತರ, ಹದಿನಾರನೇ ದಿನದವರೆಗೂ ಒಂದೇ ಸಮ. ಹದಿನೇಳನೇ ದಿನ ಗೆರೆ ಹಿಂದಿನ ದಿನದ್ದಕ್ಕೆ ಹತ್ತಿರ ಬಂತು. ಮರುದಿನವೂ ಹಾಗೇ, ಅರ್ಧ ಸೆಂಟಿಮೀಟರ್ ಅಷ್ಟೇ. ನೀರು ಎಲ್ಲಿ ನಿಂತಿದೆ ಅಂತ ನೋಡಿದರೆ ಲೈಟಿನ ಮೇಲಂಚಿಗೆ ಸರಿಯಾಗಿ.

ಕರೆಂಟಿನ ಎಂಸಿಬಿ ಸ್ವಿಚ್ ಇಳಿಸಿ, ಲೈಟಿನ ಸ್ಕ್ರೂ ಬಿಚ್ಚಿ ಹೊರಗೆ ಎಳೆದೆವು. ಹಿಂದಿನ ಗೂಡಿನಲ್ಲಿ ವೈರ್ ಹೋಗುವ ಪೈಪಿನ ಬಾಯಿಗೆ ಮೆತ್ತಿದ್ದ ಪುಟ್ಟಿ ಒಣಗಿ ಮುದುಡಿ, ಉಗುರು ತೂರುವಷ್ಟು ಸಂದಿ ಬಿಟ್ಟಿತ್ತು. ಎರಡು ಉಂಡೆ ಕಲಸಿ ಹಚ್ಚುವ ಎಪಾಕ್ಸಿ ಪುಟ್ಟಿ ಬರುತ್ತದಲ್ಲ, ಚಪಾತಿ ಹಿಟ್ಟಿನ ಹಾಗೆ ನಾದಿ ಸುತ್ತಲೂ ಒತ್ತಿದೆ. 450 ರೂಪಾಯಿ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಇಳಿದ ನೀರು ತುಂಬಲು ಒಂದು ಟ್ಯಾಂಕರ್, 10,000 ಲೀಟರ್, 1,600 ರೂಪಾಯಿ. ಬಾವಿ ನೀರು. ನೋಡಲು ಗಾಜಿನ ಹಾಗಿತ್ತು. ರಾತ್ರಿ ಅರ್ಧ ಕಿಲೋ ಹೈಪೋ ಕರಗಿಸಿ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದರೆ ಪೂಲ್ ತುಂಬ ಚಹಾದ ಡಿಕಾಕ್ಷನ್. ಈ ಕೆಂಪು ಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣ ಕರಗಿರುತ್ತದೆ, ಕಣ್ಣಿಗೆ ಕಾಣೋದಿಲ್ಲ. ಕ್ಲೋರಿನ್ ಬಿದ್ದ ಕೂಡಲೇ ತುಕ್ಕಾಗಿ ಹೊರಗೆ ಬರುತ್ತದೆ. ಒಂದೂವರೆ ಕಿಲೋ ಪಟಿಕ ಕರಗಿಸಿ ಸುರಿದು, ಪಂಪು ಬಂದ್ ಇಟ್ಟು ಒಂದು ರಾತ್ರಿ ಬಿಟ್ಟೆ. ಕಂದು ಬಣ್ಣದ ಹತ್ತಿಯಂಥ ಪದರ ತಳಕ್ಕೆ ಕೂತಿತು. ಅದನ್ನು ವ್ಯಾಕ್ಯೂಮ್‌ನಲ್ಲಿ ನಿಧಾನಕ್ಕೆ ಎಳೆದು, ಫಿಲ್ಟರ್‌ಗೆ ಕಳಿಸದೆ ವೇಸ್ಟ್ ಲೈನಿಗೆ ಬಿಡಬೇಕು. ಪಟಿಕ 90 ರೂಪಾಯಿ. ಹೊರಗೆ ಹೋದ ನೀರಿಗೆ ಇನ್ನೊಂದು ಅರ್ಧ ಟ್ಯಾಂಕರ್.

ಆ ಅರ್ಧ ಟ್ಯಾಂಕರ್ ಬರುವ ಮೊದಲೇ ನಾನು ಆತುರಕ್ಕೆ ಬಿದ್ದು ಸ್ಕಿಮ್ಮರ್ ವಾಲ್ವ್ ತೆಗೆದು ಡ್ರೇನಿನ ವಾಲ್ವ್ ಮುಚ್ಚಿದ್ದೆ. ನೀರು ಇನ್ನೂ ಸ್ಕಿಮ್ಮರ್ ಮಟ್ಟಕ್ಕೆ ಬಂದಿರಲಿಲ್ಲ. ಪಂಪು ಬರೀ ಗಾಳಿ ಎಳೆಯುತ್ತಾ ಒಂದು ತಾಸು ಒಣಗಿ ಓಡಿತು. ಸೀಲ್ ಸುಟ್ಟಿತು, ನೀರು ಬೇರಿಂಗಿಗೆ ಇಳಿಯಿತು. ಸೀಲ್ 850, ಎರಡು ಬೇರಿಂಗ್ 500, ಕೂಲಿ 1,200. ನೋಟ್‌ಬುಕ್ಕಿನಲ್ಲಿ ಇದರ ಮುಂದೆ ಮಗಳು "ಅಮ್ಮನ ತಪ್ಪು" ಅಂತ ಕೆಂಪು ಪೆನ್ನಿನಲ್ಲಿ ಬರೆದಿದ್ದಾಳೆ. ಎಲ್ಲ ಕೂಡಿಸಿದರೂ ಆರು ಸಾವಿರ ದಾಟಲಿಲ್ಲ, 38,000 ಎಲ್ಲಿ! ಆದರೆ ಒಂದೂವರೆ ತಿಂಗಳು ಮಕ್ಕಳು ಈಜಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನನ್ನ ಕೈಲಿ ಆಗಲಿಲ್ಲ, ಒಪ್ಪಿಕೊಳ್ಳುತ್ತೇನೆ. ಬೆಳಿಗ್ಗೆ ಹಾಕಿದ ಕ್ಲೋರಿನ್ ಸಂಜೆಗೆ ಮಳೆನೀರಿನ ಜೊತೆ ಹೊರಗೆ ಹರಿದುಹೋಗುತ್ತಿತ್ತು. ಪಕ್ಕದ ಸೈಟಿನ ಕೆಂಪು ಮಣ್ಣು. ಸ್ಕಿಮ್ಮರ್ ಬುಟ್ಟಿ ತೆಗೆದರೆ ಕಪ್ಪೆಗಳು, ಜೀವಂತ. ಎರಡು ದಿನ ಬಿಟ್ಟರೆ ಗೋಡೆಗೆ ಹಸಿರು ಪಾಚಿ. ಜುಲೈಯಲ್ಲಿ ಅದೇ ಹುಡುಗನಿಗೆ ಫೋನ್ ಮಾಡಿದೆ. ಈಗ ಅವನು ಸ್ವಂತವಾಗಿ ನಾಲ್ಕು ಮನೆ ಹಿಡಿದಿದ್ದಾನೆ. ಮಳೆಗಾಲದ ಮೂರು ತಿಂಗಳು, ವಾರಕ್ಕೆ ಮೂರು ದಿನ, ಬರೀ ಕೂಲಿ ತಿಂಗಳಿಗೆ 4,500. ಕೆಮಿಕಲ್ ನನ್ನದು, ಅಳೆಯೋದು ನಾನು. ಹಳೇ ಟೆಸ್ಟ್ ಕಿಟ್ ಅವನಿಗೇ ಕೊಟ್ಟು ನಾನು ಹೊಸದು ತಂದೆ. "ಇದನ್ನ ಮೊದಲ ಕೊಟ್ಟಿದ್ರ ನಿಮ್ಮ ಪುಡಿ ಉಳೀತಿತ್ತಲ್ರಿ ಅಕ್ಕಾರ" ಅಂದ.

ಅಕ್ಟೋಬರ್‌ಗೆ ಫಿಲ್ಟರಿನ ಮರಳು ಬದಲಿಸಬೇಕು ಅಂತಲೂ ಅವನೇ ಹೇಳಿದ್ದಾನೆ. ಐದು ವರ್ಷದ ಹಳೇ ಮರಳು, ಬ್ಯಾಕ್‌ವಾಶ್ ಮಾಡಿದ ಮೂರೇ ದಿನಕ್ಕೆ ಪ್ರೆಶರ್ ಮುಳ್ಳು ಮತ್ತೆ ಏರುತ್ತದೆ. ಐವತ್ತು ಕಿಲೋದ ಮೂರು ಚೀಲ ಬೇಕಂತೆ, ಒಂದೇ ಅಳತೆಗೆ ಜರಡಿ ಹಿಡಿದ ಸಿಲಿಕಾ. ಅತ್ತೆಗೆ ಫೋನಿನಲ್ಲಿ ಹೇಳಿದೆ. "ಸಮುದ್ರದ ದಂಡಿ ಮ್ಯಾಲ ಕುಂತು ಉಸುಕು ಕೊಂಡ್ಕೊಳ್ತೀರೇನ?" ಅಂದರು.