ಇಳಿತದ ಹೊತ್ತು ನೋಡಿ ಬರೆದ ಟೈಮ್‌ಟೇಬಲ್

ಪ್ರಥಮ ಪಿಯುಸಿಯಲ್ಲಿ ಚೌತಿ ರಜೆ ಮುಗಿದ ಮರುದಿನ ನಾನು ಒಂದು ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ಬೆಳಿಗ್ಗೆ 4ಕ್ಕೆ ಏಳುವುದು. 4:15ರಿಂದ 6:30ರವರೆಗೆ ಗಣಿತ. ಸಂಜೆ 6ರಿಂದ 8 ಭೌತಶಾಸ್ತ್ರ. ಊಟ ಆದ ಮೇಲೆ ರಸಾಯನಶಾಸ್ತ್ರ. ಒಳ್ಳೆ ರ‍್ಯಾಂಕ್ ತೆಗೆದವರ ಸಂದರ್ಶನಗಳನ್ನು ಮೊಬೈಲ್‌ನಲ್ಲಿ ನೋಡಿ ನೋಡಿ ಮಾಡಿದ್ದು ಅದು. ಆರು ದಿನ ಚೆನ್ನಾಗಿ ನಡೆಯಿತು. ಏಳನೇ ದಿನ ಬೆಳಿಗ್ಗೆ ಪುಸ್ತಕ ತೆಗೆಯಲೇ ಆಗಲಿಲ್ಲ. ಎಂಟನೇ ದಿನವೂ ಇಲ್ಲ. ಮುಂದಿನ ನಾಲ್ಕು ದಿನವೂ ಇಲ್ಲ.

ನನ್ನಲ್ಲಿ ಛಲ ಸಾಲದು ಅಂದುಕೊಂಡೆ. ಎರಡನೇ ಸಲ ಬರೆದೆ, ಅದೂ ಅರ್ಧಕ್ಕೆ ನಿಂತಿತು. ಮೂರನೇ ಸಲ ಬರೆಯುವ ಮುಂಚೆ, ಯಾವ ಯಾವ ದಿನ ತಪ್ಪಿದೆ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿದೆ. ತಪ್ಪಿದ ದಿನಗಳೆಲ್ಲ ಎರಡು ಗುಂಪಾಗಿ ಕೂತಿದ್ದವು. ಒಂದು ಗುಂಪಿನ ನಡುವೆ ಹುಣ್ಣಿಮೆ, ಇನ್ನೊಂದರ ನಡುವೆ ಅಮಾವಾಸ್ಯೆ.

ನಮ್ಮ ಮನೆ ಇರುವುದು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಕಡಲು ಸೇರುವ ಅಳಿವೆಯ ದಂಡೆ ಮೇಲೆ. ಅಪ್ಪ ತದಡಿ ಬಂದರಿನ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. ಅಮ್ಮ ಬಳಚು, ಅಂದರೆ ಅಳಿವೆಯ ಕೆಸರಿನಲ್ಲಿ ಸಿಗುವ ತಿನ್ನುವ ಚಿಪ್ಪು, ಆರಿಸುತ್ತಾಳೆ. ಬಳಚು ಸಿಗುವುದು ನೀರು ಚೆನ್ನಾಗಿ ಇಳಿದಾಗ. ಹುಣ್ಣಿಮೆ, ಅಮಾವಾಸ್ಯೆಯ ಎಡಬಲದಲ್ಲಿ ನೀರು ಜಾಸ್ತಿ ಇಳಿಯುತ್ತದೆ. ಆ ದಿನಗಳಲ್ಲಿ ನಮ್ಮ ಕಡೆ ಇಳಿತ ಬರುವುದು ಬೆಳಗಿನ ಜಾವಕ್ಕೆ, ಮತ್ತೆ ಸಂಜೆಗೆ. ಅಂದರೆ ನಾನು ಗಣಿತಕ್ಕೆ ಅಂತ ಇಟ್ಟುಕೊಂಡ ಹೊತ್ತಿಗೆ ಸರಿಯಾಗಿ ಅಮ್ಮ ನೀರಿನಲ್ಲಿ ಇರುತ್ತಾಳೆ. ಒಲೆ, ನೀರು ತುಂಬುವುದು, ತಮ್ಮನನ್ನು ಶಾಲೆಗೆ ಹೊರಡಿಸುವುದು, ಎಲ್ಲ ನನ್ನದು. ಇಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಿಲ್ಲದ ಸಂಗತಿ ಅಲ್ಲ. ಆದರೆ ಓದಿಗೂ ಇದಕ್ಕೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ. ರ‍್ಯಾಂಕ್ ತೆಗೆದವರ ಗಡಿಯಾರ ಸೂರ್ಯನದು. ನಮ್ಮ ಮನೆಯ ಗಡಿಯಾರ ಚಂದ್ರನದು. ಅದು ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಇವತ್ತು 5ಕ್ಕೆ ಇಳಿತ ಆದರೆ ನಾಳೆ 5:50ರ ಹತ್ತಿರ, ಅಷ್ಟಮಿ ಬರುವಾಗ ಮಧ್ಯಾಹ್ನಕ್ಕೆ. ಸುಮಾರು 15 ದಿನಕ್ಕೆ ಮತ್ತೆ ಮೊದಲಿನ ಹೊತ್ತಿಗೇ ಬಂದು ನಿಲ್ಲುತ್ತದೆ.

ಹಾಗಾಗಿ ವಾರದ ಟೈಮ್‌ಟೇಬಲ್ ಬಿಟ್ಟು 15 ದಿನದ್ದು ಮಾಡಿದೆ. ಅದರಲ್ಲಿ ಎರಡೇ ಥರದ ದಿನ. ಒಂದು ನೀರಿನ ದಿನ, ಇನ್ನೊಂದು ಅಷ್ಟಮಿ ಕಡೆಯ ದಿನ. ನೀರಿನ ದಿನ ಬೆಳಿಗ್ಗೆ ಕೂತು ಓದುವುದೇ ಇಲ್ಲ. ಕೈ ಕೆಲಸ ಮಾಡುತ್ತಾ ಬಾಯಲ್ಲಿ ಹೇಳಿಕೊಳ್ಳುವಂಥದ್ದು ಮಾತ್ರ: ಜೀವಶಾಸ್ತ್ರದ ಹೆಸರುಗಳು, ಸೂತ್ರಗಳು, ಆವರ್ತ ಕೋಷ್ಟಕ. ಕಾಯಿ ತುರಿಯುತ್ತಾ ಹೇಳಿಕೊಂಡ ಪಾಠ ಬೇಗ ಮರೆಯುವುದಿಲ್ಲ, ಇದು ನನ್ನ ಅನುಭವ. ಬಸ್ಸಿನ ಮುಕ್ಕಾಲು ಗಂಟೆಗೆ ಒಂದೇ ಲೆಕ್ಕ ಇಟ್ಟುಕೊಳ್ಳುತ್ತೇನೆ. ಹತ್ತುವಾಗ ಓದಿಕೊಂಡು, ನಿಂತುಕೊಂಡೇ ತಲೆಯಲ್ಲಿ ಬಿಡಿಸುತ್ತಾ ಹೋಗುವುದು. ಅಷ್ಟಮಿ ಕಡೆಯ ದಿನಗಳಲ್ಲಿ ಬೆಳಗಿನ ಜಾವ ಪೂರ್ತಿ ನನ್ನದು. ಕ್ಯಾಲ್ಕುಲಸ್, ಉದ್ದುದ್ದ ಡೆರಿವೇಶನ್, ಹಳೆಯ ಪ್ರಶ್ನೆಪತ್ರಿಕೆ ಎಲ್ಲ ಆಗ. ದಿನಕ್ಕೆ ಎಷ್ಟು ಗಂಟೆ ಅಂತ ಲೆಕ್ಕ ಇಡುವುದನ್ನೂ ಬಿಟ್ಟೆ. 15 ದಿನಕ್ಕೆ ಒಟ್ಟು ಎಷ್ಟು ಅಂತ ಮಾತ್ರ ಬರೆಯುತ್ತೇನೆ. ಮೊದಲು 31 ಗಂಟೆ ಆಗುತ್ತಿತ್ತು. ಮೂರನೇ ಸುತ್ತಿಗೆ 47 ಆಯಿತು.

ಓದುವ ಹೊತ್ತು ಸಿಕ್ಕಿತು. ಆದರೆ ಓದಿದ್ದು ಅರ್ಥ ಆಗಬೇಕಲ್ವಾ. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 603 ಬಂದಿತ್ತು. ಪಿಯುಸಿ ವಿಜ್ಞಾನ ಪೂರ್ತಿ ಇಂಗ್ಲಿಷ್. ಭೌತಶಾಸ್ತ್ರದ ಮೊದಲ ಕಿರುಪರೀಕ್ಷೆಯಲ್ಲಿ 40ಕ್ಕೆ 11 ಬಂತು. ಆ ಪೇಪರನ್ನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ. ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ.

ಎರಡು ವಾರ ಬಿಟ್ಟು ಅದನ್ನೇ ತೆಗೆದು, ಹೋದ 29 ಅಂಕಗಳನ್ನು ಒಂದೊಂದಾಗಿ ನೋಡಿದೆ. ಮೂರು ಸಾಲು ಮಾಡಿದೆ. ಪಾಠ ಗೊತ್ತಿರಲಿಲ್ಲ, ಗೊತ್ತಿದ್ದೂ ತಪ್ಪಿದೆ, ಪ್ರಶ್ನೆಯೇ ಅರ್ಥ ಆಗಲಿಲ್ಲ. ಮೂರನೇ ಸಾಲಿನಲ್ಲಿ 16 ಅಂಕ ಇದ್ದವು! ಒಂದು ಲೆಕ್ಕದಲ್ಲಿ ಕಾರು ‘ಸ್ಟಾರ್ಟ್ಸ್ ಫ್ರಮ್ ರೆಸ್ಟ್’ ಅಂತ ಇತ್ತು. ರೆಸ್ಟ್ ಅಂದರೆ ನನಗೆ ಗೊತ್ತಿದ್ದದ್ದು ವಿಶ್ರಾಂತಿ. ಆರಂಭದ ವೇಗ ಸೊನ್ನೆ ಅಂತ ಆ ಮೂರು ಪದವೇ ಹೇಳುತ್ತಿದೆ ಅಂತ ತಿಳಿಯಲಿಲ್ಲ. ಆರಂಭದ ವೇಗ ಕೊಟ್ಟಿಲ್ಲ, ಲೆಕ್ಕ ಅಪೂರ್ಣ ಅಂತ ಬಿಟ್ಟು ಬಂದಿದ್ದೆ. ಒಂಬತ್ತನೇ ತರಗತಿಯಲ್ಲಿ ‘ನಿಶ್ಚಲ ಸ್ಥಿತಿಯಿಂದ ಹೊರಟ ಕಾರು’ ಅಂತ ಇದೇ ಲೆಕ್ಕವನ್ನು ಕಣ್ಣು ಮುಚ್ಚಿ ಮಾಡುತ್ತಿದ್ದೆ.

ನನಗೆ ಭೌತಶಾಸ್ತ್ರ ಬರುತ್ತದೆ, ಅದರ ಇಂಗ್ಲಿಷ್ ಬರುವುದಿಲ್ಲ ಅಂತ ಅವತ್ತು ಗೊತ್ತಾಯಿತು. ಎಷ್ಟು ಧೈರ್ಯ ಬಂತು ಅಂದರೆ ಹೇಳಲಿಕ್ಕೆ ಆಗುವುದಿಲ್ಲ. ಎರಡು ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ನಡುವೆ ಗೆರೆ ಎಳೆದೆ. ಆಕ್ಸಿಲರೇಶನ್ ಎದುರು ವೇಗೋತ್ಕರ್ಷ, ಮೊಮೆಂಟಮ್ ಎದುರು ಸಂವೇಗ, ಇನರ್ಶಿಯಾ ಎದುರು ಜಡತ್ವ. ಇವು ಸುಲಭ, ಯಾವ ಪುಸ್ತಕದಲ್ಲೂ ಸಿಗುತ್ತವೆ. ನಿಜವಾಗಿ ಕಾಡುವುದು ಸಣ್ಣ ಸಣ್ಣ ಪದಗಳು. ಹೆನ್ಸ್, ರೆಸ್ಪೆಕ್ಟಿವ್ಲಿ, ನೆಗ್ಲಿಜಿಬಲ್, ಸಬ್ಜೆಕ್ಟೆಡ್ ಟು. ಇವನ್ನು ಯಾರೂ ಕಲಿಸುವುದಿಲ್ಲ, ಬರುತ್ತದೆ ಅಂತಲೇ ಎಲ್ಲರೂ ಅಂದುಕೊಂಡಿರುತ್ತಾರೆ. ಕನ್ನಡ ಮಾಧ್ಯಮದಿಂದ ಬರುವವರಿಗೆ ನಾನು ಹೇಳುವುದಿದ್ದರೆ ಇದನ್ನೇ ಮೊದಲು ಹೇಳುತ್ತೇನೆ: ದೊಡ್ಡ ಪದಗಳ ಪಟ್ಟಿ ಆಮೇಲೆ ಮಾಡಿ, ಪ್ರಶ್ನೆಗಳಲ್ಲಿ ಬರುವ ಸಣ್ಣ ಪದಗಳನ್ನು ಮೊದಲು ಬರೆದುಕೊಳ್ಳಿ. ನನ್ನ ನೋಟ್‌ಬುಕ್‌ನಲ್ಲಿ ಅಂಥವು 140 ಆಗಿವೆ. ದೀಪಾವಳಿ ಕಳೆದ ಮೇಲಿನ ಪರೀಕ್ಷೆಯಲ್ಲಿ ಮೂರನೇ ಸಾಲಿಗೆ ಹೋದದ್ದು 3 ಅಂಕ ಮಾತ್ರ.

ಯೋಚನೆ ಮಾಡುವುದನ್ನು ಮಾತ್ರ ಕನ್ನಡದಲ್ಲೇ ಇಟ್ಟುಕೊಂಡೆ. ಇಂಗ್ಲಿಷ್‌ನಲ್ಲಿ ಯೋಚಿಸು ಅಂತ ತುಂಬಾ ಜನ ಹೇಳಿದರು. ನನಗೆ ಅದು ಸರಿ ಅನ್ನಿಸಲಿಲ್ಲ. ಯಾಕೆ ಅಂತ ಹೇಳಲು ಗುರುತ್ವಾಕರ್ಷಣೆಯ ಪಾಠಕ್ಕೆ ಬರಬೇಕು.

ಆ ಪಾಠದ ಕೊನೆಯ ಅಭ್ಯಾಸದಲ್ಲಿ ಮೊದಲನೇ ಪ್ರಶ್ನೆಯ ಒಂದು ಭಾಗ ಹೀಗಿದೆ. ಭೂಮಿಯ ಮೇಲೆ ಸೂರ್ಯನ ಎಳೆತ ಚಂದ್ರನ ಎಳೆತಕ್ಕಿಂತ ಜಾಸ್ತಿ. ಹಾಗಿದ್ದೂ ಉಬ್ಬರವಿಳಿತದಲ್ಲಿ ಚಂದ್ರನ ಪ್ರಭಾವವೇ ಜಾಸ್ತಿ. ಯಾಕೆ? ತರಗತಿಯಲ್ಲಿ ಒಂದು ಸಾಲಿನ ಉತ್ತರ ಬರೆಸಿ ಮುಂದಕ್ಕೆ ಹೋದೆವು. ನನಗೆ ಮುಂದಕ್ಕೆ ಹೋಗಲು ಆಗಲಿಲ್ಲ. ಅದು ನಮ್ಮ ಮನೆಯ ಪ್ರಶ್ನೆ.

ಅವತ್ತು ರಾತ್ರಿ ಹಳೆಯ ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಸೂರ್ಯನ ದ್ರವ್ಯರಾಶಿ ಚಂದ್ರನಿಗಿಂತ ಸುಮಾರು 2.7 ಕೋಟಿ ಪಟ್ಟು. ದೂರ ಸುಮಾರು 390 ಪಟ್ಟು. ಎಳೆತ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆ ಆಗುತ್ತದೆ. 2.7 ಕೋಟಿಯನ್ನು 390ರಿಂದ ಎರಡು ಸಲ ಭಾಗಿಸಿದರೆ 177ರ ಹತ್ತಿರ ಬರುತ್ತದೆ. ಅಂದರೆ ಸೂರ್ಯ ಚಂದ್ರನಿಗಿಂತ 177 ಪಟ್ಟು ಜೋರಾಗಿ ಎಳೆಯುತ್ತಾನೆ. ಆದರೆ ಭರತ, ಅಂದರೆ ಉಬ್ಬರ, ಬರುವುದು ಎಳೆತದಿಂದ ಅಲ್ಲ, ಎಳೆತದ ವ್ಯತ್ಯಾಸದಿಂದ. ಚಂದ್ರನ ಕಡೆಗಿರುವ ನೀರಿಗೆ ಒಂದಿಷ್ಟು ಜಾಸ್ತಿ ಎಳೆತ, ಆಚೆ ಮಗ್ಗುಲಿನ ನೀರಿಗೆ ಒಂದಿಷ್ಟು ಕಡಿಮೆ. ಆ ವ್ಯತ್ಯಾಸ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಹಾಗಾಗಿ ಇನ್ನೊಂದು ಸಲ 390ರಿಂದ ಭಾಗಿಸಬೇಕು. ಭಾಗಿಸಿದೆ. 0.45 ಬಂತು. ಸೂರ್ಯನ ಪಾಲು ಚಂದ್ರನ ಅರ್ಧಕ್ಕಿಂತ ಕಡಿಮೆ!

ಪಕ್ಕದಲ್ಲಿ ಅಮ್ಮ ಮಾರನೇ ದಿನದ ಚೀಲ ಹೊಲಿಯುತ್ತಿದ್ದಳು. ಅಷ್ಟಮಿಗೆ ನೀರು ಯಾಕೆ ಸರಿಯಾಗಿ ಇಳಿಯುವುದಿಲ್ಲ ಅಂತ ಕೇಳಿದೆ. “ಅವತ್ತು ಚಂದ್ರ ಅರ್ಧ ಅಲ್ವಾ, ಅವನಿಗೆ ಶಕ್ತಿ ಸಾಲೂದಿಲ್ಲ” ಅಂದಳು. ಬಿಲ್ಲಿನ ಹಿಂದೆ ಇನ್ನೆರಡು ಸಾಲು ಬರೆದೆ. ಹುಣ್ಣಿಮೆ, ಅಮಾವಾಸ್ಯೆಗೆ ಇಬ್ಬರೂ ಒಂದೇ ಗೆರೆಯಲ್ಲಿ ಎಳೆಯುತ್ತಾರೆ: 1 ಕೂಡಿಸು 0.45. ಅಷ್ಟಮಿಗೆ ಅಡ್ಡಡ್ಡ ಎಳೆಯುತ್ತಾರೆ: 1 ಕಳೆ 0.45. ಒಂದು ಕಡೆ 1.45, ಇನ್ನೊಂದು ಕಡೆ 0.55. ಎರಡೂವರೆ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಚಂದ್ರನ ಶಕ್ತಿ ಕಡಿಮೆ ಆಗುವುದಿಲ್ಲಮ್ಮ, ಅವತ್ತು ಸೂರ್ಯ ಅವನಿಗೆ ಅಡ್ಡ ನಿಲ್ಲುತ್ತಾನೆ ಅಂದೆ. ಸೂಜಿ ಹಿಡಿದ ಕೈ ನಿಂತಿತು. ಒಂದು ಕ್ಷಣ ಸುಮ್ಮನಿದ್ದು, ಹಾಗಾದರೆ ಅಮಾವಾಸ್ಯೆ ದಿನ ಚಂದ್ರ ಕಾಣದೇ ಇದ್ದರೂ ನೀರು ಅಷ್ಟೊಂದು ಇಳಿಯುವುದು ಅದಕ್ಕಾ ಅಂತ ಕೇಳಿದಳು. ತರಗತಿಯಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಇದೆಲ್ಲ ಕನ್ನಡದಲ್ಲಿ ನಡೆದದ್ದು. ಬೇರೆ ಭಾಷೆಯಲ್ಲಿ ಯೋಚಿಸಿದ್ದರೆ ಅಮ್ಮನ ಹತ್ತಿರ ಕೇಳುವ ಯೋಚನೆಯೇ ನನಗೆ ಬರುತ್ತಿರಲಿಲ್ಲ. ಈಗ ಯಾವುದೇ ಹೊಸ ಪಾಠ ಓದಿದ ಮೇಲೆ ಒಂದು ಸಲ ಅಮ್ಮನಿಗೋ ತಮ್ಮನಿಗೋ ಹೇಳುತ್ತೇನೆ. ಎಲ್ಲಿ ನನ್ನ ಮಾತು ತಡವರಿಸುತ್ತದೋ ಅಲ್ಲಿ ನನಗೇ ಅರ್ಥ ಆಗಿಲ್ಲ ಅಂತ ಲೆಕ್ಕ. ಆಮೇಲೆ ಇಂಗ್ಲಿಷ್‌ನಲ್ಲಿ ಬರೆದು ನೋಡುತ್ತೇನೆ.

ಮಳೆಗಾಲದ ಬಗ್ಗೆಯೂ ಹೇಳಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ನಿಯಮ ಸರಿಯೇ. ಆಗ ಅಪ್ಪನಿಗೆ ಕೆಲಸ ಇಲ್ಲ. ಹೊಳೆಯಲ್ಲಿ ಸಿಹಿನೀರು ಕೆಂಪಾಗಿ ಹರಿದು ಬರುತ್ತದೆ, ಅಮ್ಮನಿಗೂ ಕೆಲಸ ಇಲ್ಲ. ಕಾಲೇಜು ಶುರುವಾಗುವುದು, ಫೀಸು, ಪುಸ್ತಕ, ಬಸ್ ಪಾಸು ಎಲ್ಲ ಬರುವುದು ಅದೇ ಎರಡು ತಿಂಗಳಲ್ಲಿ. ದ್ವಿತೀಯ ಪಿಯುಸಿ ಪುಸ್ತಕಗಳನ್ನು ಹಿಂದಿನ ವರ್ಷದ ಅಕ್ಕನೊಬ್ಬಳಿಂದ ಏಪ್ರಿಲ್‌ನಲ್ಲೇ ಅರ್ಧ ಬೆಲೆಗೆ ತೆಗೆದುಕೊಂಡೆ, ಬೋಟಿನ ದುಡ್ಡು ಇನ್ನೂ ಬರುತ್ತಿರುವಾಗ. ಜಾಸ್ತಿ ಮಳೆ ಬಂದು ಜಿಲ್ಲೆಗೆ ರಜೆ ಕೊಟ್ಟ ದಿನಗಳನ್ನು ಮಾತ್ರ ನಾನು ಬಿಡುವುದಿಲ್ಲ. ಹೋದ ಜುಲೈನಲ್ಲಿ ಅಂಥ ರಜೆಗಳಲ್ಲೇ ಸ್ಥಿರ ವಿದ್ಯುತ್ತಿನ ಎರಡು ಪಾಠ ಮುಗಿಸಿದೆ. ಕರೆಂಟ್ ಇರಲಿಲ್ಲ, ಮೊಬೈಲೂ ಸತ್ತಿತ್ತು. ಹಂಚಿನ ಮೇಲಿನ ಮಳೆ ಸದ್ದಿಗೆ ಬೇರೆ ಏನೂ ಕೇಳುವುದಿಲ್ಲ, ಮನಸ್ಸು ಒಂದೇ ಕಡೆ ನಿಲ್ಲುತ್ತದೆ.

ಊರಲ್ಲಿ ಎಲ್ಲರೂ ಹೇಳುವುದು ಡಾಕ್ಟರ್ ಆಗು ಅಂತ. ಸುಮ್ನೆ ಹೇಳುವ ಮಾತಲ್ಲ ಅದು. ನಮ್ಮ ಕಡೆ ದೊಡ್ಡ ಅಪಘಾತ ಆದರೆ, ಹೃದಯದ ತೊಂದರೆ ಆದರೆ, ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಓಡಬೇಕು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ವರ್ಷಗಟ್ಟಲೆ ಕೇಳುತ್ತಿದ್ದಾರೆ. ದಾರಿಯಲ್ಲೇ ಜೀವ ಹೋದವರನ್ನು ನಾನೂ ಕಂಡಿದ್ದೇನೆ. ಅದಕ್ಕೇ ಆ ಮಾತು ಕೇಳಿದಾಗ ಹೊಟ್ಟೆಯಲ್ಲಿ ಒಂದು ಥರ ಆಗುತ್ತದೆ. ನನ್ನ ಮನಸ್ಸು ಇರುವುದು ನೀರಿನ ಮೇಲೆ. ಭೌತಶಾಸ್ತ್ರ ಓದಬೇಕು, ಆಮೇಲೆ ಸಮುದ್ರ ವಿಜ್ಞಾನ. ಗೋವಾದ ದೋನಾಪೌಲಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇದೆ, ಶುರುವಾದದ್ದು 1966ರಲ್ಲಿ. ನಮ್ಮಲ್ಲಿಂದ ಏನೂ ದೂರ ಅಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಬಳಚು ಮೊದಲಿನಷ್ಟು ಸಿಗುವುದಿಲ್ಲ ಅಂತ ಅಮ್ಮ ಹೇಳುತ್ತಾಳೆ. ಯಾಕೆ ಅಂತ ಹುಡುಕುವವರು ಈ ದಂಡೆಯಿಂದಲೂ ಒಬ್ಬರು ಹೋಗಬೇಕಲ್ವಾ.

ಈಗ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ಹಿಡಿದುಕೊಂಡಿದ್ದೇನೆ. ನೀಟ್‌ಗೂ ಕೂರುತ್ತೇನೆ, ಸಿಇಟಿಗೂ ಕೂರುತ್ತೇನೆ. ಮನಸ್ಸಿಟ್ಟು ತಯಾರಾಗುತ್ತಿರುವುದು ಐಸರ್ (ವಿಜ್ಞಾನ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆಗಳು, ಪುಣೆಯಲ್ಲೂ ಒಂದಿದೆ) ಪ್ರವೇಶ ಪರೀಕ್ಷೆಗೆ. ಮೂರು ಗಂಟೆ, 60 ಪ್ರಶ್ನೆ, ನಾಲ್ಕೂ ವಿಷಯದಿಂದ 15 - 15. ಅಪ್ಪನಿಗೆ ಹೇಳಿದ್ದೇನೆ. ಅವನು ಬೇಡ ಅನ್ನಲಿಲ್ಲ. ಪುಣೆ ಎಷ್ಟು ದೂರ, ರೈಲು ಕುಮಟಾದಲ್ಲಿ ನಿಲ್ಲುತ್ತದಾ ಅಂತ ಕೇಳಿದ.

ದೋಣಿ ಕಟ್ಟುವ ಗೂಟದ ಮೇಲೆ ಬಣ್ಣದಿಂದ ಗೆರೆ ಹಾಕಿಕೊಂಡಿದ್ದೇನೆ, ಗೇಣಿಗೊಂದು. ಬೆಳಗಿನ ಇಳಿತಕ್ಕೆ ಅಮ್ಮ ನೋಡುತ್ತಾಳೆ, ಸಂಜೆಯದಕ್ಕೆ ನಾನು. ಒಂದೇ ದಿನದ ಎರಡು ಇಳಿತ ಒಂದೇ ಸಮ ಇರುವುದಿಲ್ಲ, ಕೆಲವು ದಿನ ಒಂದು ಗೇಣಿಗಿಂತಲೂ ಜಾಸ್ತಿ ಹೆಚ್ಚುಕಡಿಮೆ. ನನ್ನ ಬಿಲ್ಲಿನ ಹಿಂದಿನ ಲೆಕ್ಕದಲ್ಲಿ ಇದಕ್ಕೆ ಉತ್ತರ ಇಲ್ಲ. ಉಪನ್ಯಾಸಕರನ್ನು ಕೇಳಿದೆ. ಚಂದ್ರ ಸದಾ ಭೂಮಧ್ಯರೇಖೆಯ ನೇರಕ್ಕೆ ಇರುವುದಿಲ್ಲ, ಒಮ್ಮೆ ಉತ್ತರಕ್ಕೆ ಒಮ್ಮೆ ದಕ್ಷಿಣಕ್ಕೆ ಸರಿಯುತ್ತಾನೆ, ಅಲ್ಲಿಂದ ಯೋಚಿಸು ಅಂದರು. ಹಾಗಾದರೆ ಅವನು ರೇಖೆ ದಾಟುವ ದಿನಗಳ ಆಸುಪಾಸಿನಲ್ಲಿ, ತಿಂಗಳಿಗೆ ಎರಡು ಸಲ, ಈ ವ್ಯತ್ಯಾಸ ಕಡಿಮೆ ಆಗಬೇಕು. ನಾಲ್ಕು ತಿಂಗಳ ಅಳತೆ ಇದೆ. ಕೂತು ನೋಡಲು ಮಾರ್ಚ್ ಪರೀಕ್ಷೆ ಮುಗಿಯಬೇಕು. ನಿನ್ನೆ ಬೆಳಿಗ್ಗೆ ನೀರು ನಾಲ್ಕನೇ ಗೆರೆಯಿಂದ ಎರಡು ಬೆರಳು ಕೆಳಗಿತ್ತು ಅಂತ ಅಮ್ಮ ಹೇಳಿದಳು, ಬರೆದಿಟ್ಟಿದ್ದೇನೆ.