ಮಾರ್ಜಿಪಾನ್‌ಗೆ ಎಣ್ಣೆ ಬಿಡದ ಗೋಡಂಬಿ ಪುಡಿ

ಕ್ರಿಸ್‌ಮಸ್ ಕುಸ್ವಾರ್‌ಗೆ (ಹಬ್ಬಕ್ಕೆ ಮಾಡುವ ಬಗೆಬಗೆಯ ತಿಂಡಿಗಳಿಗೆ) ಮಾರ್ಜಿಪಾನ್, ಅಂದರೆ ಗೋಡಂಬಿ-ಸಕ್ಕರೆಯ ಅಚ್ಚಿನ ಸಿಹಿ, ಮಾಡುವವರು ಬರೀ ಗೋಡಂಬಿಯನ್ನು ಮಿಕ್ಸಿಗೆ ಹಾಕಬೇಡಿ, ಒಂದು ಹಿಡಿ ಸಕ್ಕರೆ ಸೇರಿಸಿಯೇ ಪುಡಿ ಮಾಡಿ. ಕಾಲು ಕೆಜಿ ಗೋಡಂಬಿಗೆ ಕಾಲು ಕೆಜಿ ಸಕ್ಕರೆ ನನ್ನ ಲೆಕ್ಕ, ಆ ಹಿಡಿಯೂ ಅದರಲ್ಲೇ ಬಂತು. ಎರಡೆರಡು ಸೆಕೆಂಡ್ ತಿರುಗಿಸಿ ನಿಲ್ಲಿಸಿ, ಜಾರ್ ಅಲ್ಲಾಡಿಸಿ, ಮತ್ತೆ ತಿರುಗಿಸಿ. ಜಾಸ್ತಿ ಹೊತ್ತು ಓಡಿಸಿದರೆ ಜಾರ್ ಬಿಸಿಯಾಗಿ ಗೋಡಂಬಿ ಎಣ್ಣೆ ಬಿಡುತ್ತದೆ. ಸಕ್ಕರೆ ನಡುವೆ ಇದ್ದರೆ ಚೂರುಗಳು ಒಂದಕ್ಕೊಂದು ಅಂಟುವುದಿಲ್ಲ. ಪುಡಿಯನ್ನು ಬೆರಳಲ್ಲಿ ಒತ್ತಿದರೆ ಕೂಡಬೇಕು, ಉಜ್ಜಿದರೆ ಉದುರಬೇಕು, ಅಷ್ಟೇ ಹದ. ಜರಡಿ ಹಿಡಿಯುವುದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಒಂದು ತರಿ ಉಳಿದರೂ ಅಚ್ಚಿನ ಗುಲಾಬಿಯ ಎಸಳಲ್ಲಿ ಗುಳ್ಳೆಯ ಹಾಗೆ ಎದ್ದು ಕಾಣುತ್ತದೆ. ಆಮೇಲೆ ಮೊಟ್ಟೆಯ ಬಿಳಿ, ರೋಸ್ ವಾಟರ್, ಸಣ್ಣ ಉರಿ ಎಲ್ಲಾ ಮಾಮೂಲಿನಂತೆ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಗೋಡಂಬಿಗೆ ಈ ಉಪಾಯ ನಡೆಯುವುದಿಲ್ಲ. ಅದು ಬೆವರುತ್ತದೆ, ಸಕ್ಕರೆ ಕರಗಿ ಪುಡಿಯೆಲ್ಲ ಜಾರಿನ ತಳಕ್ಕೆ ಮೆತ್ತಿಕೊಳ್ಳುತ್ತದೆ. ಒಂದು ಗಂಟೆ ಮೊದಲೇ, ಡಬ್ಬಿಯ ಮುಚ್ಚಳ ತೆಗೆಯದೆ ಹೊರಗಿಡಿ. ಒಮ್ಮೆ ಎಣ್ಣೆ ಬಿಟ್ಟ ಪುಡಿಗೆ ಆಮೇಲೆ ಸಕ್ಕರೆ ಸುರಿದೂ ಪ್ರಯೋಜನವಿಲ್ಲ, ಅದನ್ನು ಕುರ್ಮಾಕ್ಕೆ ಎತ್ತಿಡಿ.